ಹದಿನೈದು ನೂರರ ಹಳೆಯ ಚಪ್ಪಲಿ

ಒಂದು ಜೊತೆ ಹಳೆಯ ಚಪ್ಪಲಿಗೆ ನಾನು ಹದಿನೈದು ನೂರು ರೂಪಾಯಿ ಕೊಟ್ಟಿದ್ದೇನೆ. ಅದೇ ಜೊತೆಯನ್ನು ಹೊಸದಿದ್ದಾಗ ನನ್ನ ಅಂಗಡಿಯಲ್ಲೇ ಮುನ್ನೂರ ಐವತ್ತಕ್ಕೆ ಮಾರಿದ್ದೆ. ಇಳಕಲ್ಲಿನ ಬಜಾರಿನಲ್ಲಿ ಈ ಮಾತು ಹೇಳಿದರೆ ಯಾರೂ ನಂಬುವುದಿಲ್ಲ. ನನ್ನ ಹೆಂಡತಿ ಎರಡು ದಿನ ನಂಬಿರಲಿಲ್ಲ, ಮೂರನೆಯ ದಿನ ನಂಬಿ ಮಾತು ಬಿಟ್ಟಳು. ಕಾರಣ ಎರಡು. ಒಂದು, ಆ ಚಪ್ಪಲಿ ಶ್ರೀಶೈಲದವರೆಗೆ ನಡೆದಿತ್ತು, ಆದರೆ ಯಾರ ಕಾಲಲ್ಲಿ ನಡೆಯಬೇಕಿತ್ತೋ ಅವರ ಕಾಲಲ್ಲಿ ಅಲ್ಲ. ಎರಡು, ಅದನ್ನು ಮಾರುವಾಗ ನಾನು ಕಣ್ಣಾರೆ ಕಂಡದ್ದೊಂದನ್ನು ಗಿರಾಕಿಗೆ ಹೇಳದೆ ಬಿಟ್ಟಿದ್ದೆ. ಕೇಳದ್ದನ್ನು ಹೇಳಬೇಕಾಗಿಲ್ಲ ಎಂಬುದು ಅಲ್ಲಿಯವರೆಗೆ ನನ್ನ ವ್ಯಾಪಾರದ ನೇಮವಾಗಿತ್ತು.

ಗಿರಾಕಿ ಯಾರೆಂದರೆ, ಹುನಗುಂದದಿಂದ ಇಳಕಲ್ಲಿಗೆ ಬರುವ ರಸ್ತೆಯಲ್ಲಿ ಒಂದು ಬೇವಿನ ಗಿಡದ ಕೆಳಗೆ ವರ್ಷಕ್ಕೆ ಹದಿನೈದು ದಿನ ಕೂತು, ನಡೆದು ಬಂದವರ ಕಾಲು ನೋಡುತ್ತಿದ್ದ ಒಬ್ಬ ಕುರಿಗಾಹಿ. ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದರು. ಹೋದ ಮಳೆಗಾಲದಲ್ಲಿ ತೀರಿಕೊಂಡರು. ಹೆಸರು ಬರೆದರೆ ಅವರಿಗೆ ಸೇರುತ್ತಿರಲಿಲ್ಲ. ಅವರೂ ಯಾರ ಹೆಸರನ್ನೂ ನೆನಪಿಟ್ಟವರಲ್ಲ.

ನಮ್ಮ ಕಡೆ ಹೋಳಿ ಹುಣ್ಣಿಮೆ ಮುಗಿಯುತ್ತಲೇ ಜನ ಶ್ರೀಶೈಲಕ್ಕೆ ನಡೆಯಲು ಹೊರಡುತ್ತಾರೆ. ಯುಗಾದಿಗೆ ಮಲ್ಲಯ್ಯನ ಮುಂದೆ ನಿಲ್ಲಬೇಕು. ಬಾಗಲಕೋಟೆ, ಬಾದಾಮಿ, ಅದರಾಚೆಯ ಊರುಗಳಿಂದ ಬಂದವರೆಲ್ಲ ನಮ್ಮ ರಸ್ತೆ ಹಿಡಿದೇ ಮುಂದೆ ಹೋಗಬೇಕು. ದಾರಿಯುದ್ದಕ್ಕೂ ನೀರು ಕೊಡುವವರು, ಅನ್ನ ಹಾಕುವವರು, ಮಜ್ಜಿಗೆ ಹಂಚುವವರು ಬೇಕಾದಷ್ಟು ಮಂದಿ. ಕಾಲು ಹಿಡಿದು ನೋಡುವವರು ಕಡಿಮೆ. ಬರಿಗಾಲಲ್ಲಿ ನಡೆಯುವ ಹರಕೆಯವರ ಮಾತು ಬೇರೆ. ಉಳಿದವರು ಮಾಡುವ ತಪ್ಪು ಒಂದೇ: ದೇವರ ಕಡೆ ಹೊರಟಿದ್ದೇವೆ ಎಂದು ಹೊಸ ಧೋತರ, ಹೊಸ ಟವೆಲ್ಲು, ಹೊಸ ಚಪ್ಪಲಿ ಕೊಳ್ಳುತ್ತಾರೆ. ಧೋತರ, ಟವೆಲ್ಲು ಯಾರನ್ನೂ ಕಚ್ಚುವುದಿಲ್ಲ. ಈ ತಪ್ಪನ್ನು ನಮ್ಮ ಜನ ಪ್ರತಿವರ್ಷ ಮಾಡುತ್ತಾರೆ, ಮತ್ತು ಅದರ ಮೇಲೆ ನಾನೊಂದು ಮನೆ ಕಟ್ಟಿದ್ದೇನೆ. ಮುಚ್ಚಿಟ್ಟು ಏನು ಮಾಡುವುದು?

ನಾನು ಅಂಗಡಿಯಿಂದ ಶುರು ಮಾಡಿದವನಲ್ಲ. ತುಳಸಿಗೇರಿಯ ಹನುಮಪ್ಪನ ಗುಡಿಯ ಮುಂದೆ ಶನಿವಾರ ಶನಿವಾರ ತಾಡಪಾಲು ಹಾಸಿ ಹವಾಯಿ ಚಪ್ಪಲಿ ಮಾರಿದವನು. ದರ್ಶನ ಮಾಡಿ ಹೊರಗೆ ಬಂದು, ಬಿಟ್ಟ ಜಾಗದಲ್ಲಿ ಚಪ್ಪಲಿ ಕಾಣದೆ, ಕಾದ ಕಲ್ಲಿನ ಮೇಲೆ ಕುಣಿಯುತ್ತಿರುವವನಷ್ಟು ಒಳ್ಳೆಯ ಗಿರಾಕಿ ಭೂಮಿಯ ಮೇಲೆ ಇಲ್ಲ. ಅವನು ಚೌಕಾಸಿ ಮಾಡುವುದಿಲ್ಲ. ಇದೇ ಲೆಕ್ಕದಲ್ಲಿ ನಾನು ಒಂದು ವರ್ಷ ಆ ಬೇವಿನ ಗಿಡಕ್ಕೆ ಹೋದೆ. ಕಾಲು ಸುಲಿದವರು ಸಾಲಾಗಿ ಕೂತಿರುತ್ತಾರೆ ಎಂದು ಕೇಳಿದ್ದೆ. ನಲವತ್ತು ಜೊತೆ ಗಂಟು ಕಟ್ಟಿಕೊಂಡು ಹೋಗಿ, ಗಿಡದಿಂದ ಇಪ್ಪತ್ತು ಹೆಜ್ಜೆ ಆಚೆ ತಾಡಪಾಲು ಹಾಸಿದೆ.

ಹೆಗಲ ಮೇಲೆ ಕಂಬಳಿ ಹಾಕಿಕೊಂಡ, ಒಣಕಲು ಮೈಯ ಮನುಷ್ಯರೊಬ್ಬರು ಎದ್ದು ಬಂದರು. ಮುಖ ನೋಡಲಿಲ್ಲ. ಒಂದು ಚಪ್ಪಲಿ ಎತ್ತಿ, ಮಡಚಿ, ಬಿಟ್ಟು, ಪಟ್ಟಿಯ ಒಳಗೆ ಬೆರಳು ಆಡಿಸಿದರು.

"ಇದನ್ನ ನೀ ಹಾಕ್ಕೊಂಡು ನಡದೀಯೇನು ತಮ್ಮಾ?"

"ಮಾರೋ ಮಾಲು ನಾವು ಹಾಕ್ಕೋತೀವೇನ್ರಿ?"

"ಹಂಗಾದ್ರ ಇವತ್ತ ಹಾಕ್ಕೋ. ಇಲ್ಲಿಂದ ಇಳಕಲ್ ತನಾ ನಡಿ. ಕಾಲಿಗೆ ಒಂದೂ ಗುಳ್ಳಿ ಏಳಲಿಲ್ಲಂದ್ರ ನಲವತ್ತೂ ಜ್ವಾಡು ನಾನ ತಗೋತೇನಿ."

ನಲವತ್ತು ಜೊತೆ ಒಂದೇ ಕೈಗೆ! ಯಾವ ವ್ಯಾಪಾರಿ ಬಿಟ್ಟಾನು? ನಡೆದೆ. ಅರ್ಧ ದಾರಿಗೆ ಎಡಗಾಲಿನ ಹಿಮ್ಮಡ ಉರಿಯತೊಡಗಿತು. ಇನ್ನೊಂದಿಷ್ಟು ದೂರ ಹೋದಮೇಲೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೆ. ಒಂದು ಟಂಟಂ ಗಾಡಿ ಹತ್ತಿ ಗಿಡಕ್ಕೆ ವಾಪಸು ಬಂದಾಗ ಅವರು ನಗಲಿಲ್ಲ. ಕುರಿಯ ಗೊರಸು ನೋಡುವ ಹಾಗೆ ನನ್ನನ್ನು ಬೆನ್ನು ತಿರುಗಿಸಿ ಒಂದು ಕಲ್ಲಿನ ಮೇಲೆ ಮಂಡಿಯೂರಿಸಿ, ಕಾಲನ್ನು ಹಿಂದಕ್ಕೆ ಎಳೆದು ತಮ್ಮ ಎರಡು ಮೊಣಕಾಲಿನ ನಡುವೆ ಇಕ್ಕಿಕೊಂಡರು. ಉಪ್ಪಿನ ಬೆಚ್ಚನೆ ನೀರು, ಒಗೆದ ಹಳೆ ಧೋತರದ ಚೂರು, ಔಡಲ ಎಣ್ಣೆ. ಗುಳ್ಳೆ ಒಡೆಯಲಿಲ್ಲ. ಎಲ್ಲ ಮುಗಿದ ಮೇಲೆ ಕೇಳಿದರು:

"ಈಗ ಹೇಳು, ಜ್ವಾಡಿಗೆ ಎಷ್ಟು?"

ಕಾಲು ಬೇರೆಯವರ ಮೊಣಕಾಲಿನ ನಡುವೆ ಇದ್ದಾಗ ರೇಟು ಹೇಳುವುದು ಸುಲಭವಲ್ಲ. ಅರ್ಧಕ್ಕೆ ಒಪ್ಪಿಕೊಂಡೆ. ಅವರು ಮಾತಾಡಿ ಇಳಿಸಿದ್ದಲ್ಲ. ನಾನು ಒಂದು ರೇಟು ಹೇಳಿದಾಗ ಸುಮ್ಮನಿದ್ದರು, ಇನ್ನೊಂದು ಹೇಳಿದಾಗಲೂ ಸುಮ್ಮನಿದ್ದರು. ಸುಮ್ಮನಿರುವವರ ಜೊತೆ ಚೌಕಾಸಿಗೆ ಇಳಿಯಬೇಡಿ. ನಿಮ್ಮ ರೇಟನ್ನು ನೀವೇ ಇಳಿಸಿಕೊಳ್ಳುತ್ತಾ ಹೋಗುತ್ತೀರಿ.

ಆ ನಲವತ್ತು ಜೊತೆ ಅವರು ಯಾತ್ರಿಕರಿಗೆ ಹಂಚುತ್ತಾರೆ ಅಂದುಕೊಂಡಿದ್ದೆ. ಹಂಚಲಿಲ್ಲ, ಗಂಟು ಕಟ್ಟಿ ಇಟ್ಟರು. ಮುಂದಿನ ವರ್ಷ ಹೋಳಿಗೆ ಹದಿನೈದು ದಿನ ಇರುವಾಗ ತಮ್ಮ ಊರಿನ ಕುರಿ ಕಾಯುವ ಗಂಡಸರಿಗೆ ಒಂದೊಂದು ಜೊತೆ ಕೊಟ್ಟು, "ಕುರಿ ಹಿಂದ ಹದಿನೈದು ದಿವ್ಸ ನಡದು ತಂದು ಕೊಡ್ರಿ" ಅಂದರು. ಕುರಿ ಹಿಂದೆ ನಡೆಯುವುದೆಂದರೆ ಕರಿ ಎರೆ ಹೊಲ, ಕೆಂಪು ಮಸಾರಿ, ಕಲ್ಲುಗುಡ್ಡ, ಹಳ್ಳದ ಉಸುಕು ಎಲ್ಲವೂ. ರಾಮಥಾಳದ ಕಡೆ ನೀರಾವರಿ ಬಂದ ಮೇಲೆ ಬೀಳು ಹೊಲಗಳು ಕಡಿಮೆಯಾಗಿ ಕುರಿಗಳು ಮೊದಲಿಗಿಂತ ದೂರ ಹೋಗಬೇಕಾಗಿತ್ತು. ಚಪ್ಪಲಿಗೆ ಅದು ಇನ್ನೂ ಒಳ್ಳೆಯದಾಯಿತು. ಹದಿನೈದು ದಿನಕ್ಕೆ ಪಟ್ಟಿ ಮೆತ್ತಗಾಗಿ, ಅಟ್ಟೆ ಕಾಲಿನ ತಗ್ಗು ದಿಣ್ಣೆ ಕಲಿತುಕೊಂಡು ಬರುತ್ತಿತ್ತು. ಅವನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಗಿಡದ ಕೆಳಗೆ ಸಾಲಾಗಿ ಇಡುತ್ತಿದ್ದರು. ಹೊಸ ಚಪ್ಪಲಿ ಕಚ್ಚಿಸಿಕೊಂಡು ಬಂದವರು ತಮ್ಮದನ್ನು ಅಲ್ಲಿ ಬಿಟ್ಟು, ಪಳಗಿದ ಜೊತೆ ಹಾಕಿಕೊಂಡು ಮುಂದೆ ಹೋಗುವುದು. ಬಿಟ್ಟು ಹೋದವು ಮುಂದಿನ ವರ್ಷ ಕುರಿಗಳ ಹಿಂದೆ.

ಇದರಲ್ಲಿ ಒಂದು ತೊಂದರೆ ಇತ್ತು. ಹೊಸದು ಕಾಲಿಗೆ ಒಗ್ಗಿದ ಮೇಲೆ ವಾಪಸು ಕೊಡಲು ಯಾರಿಗೆ ಮನಸ್ಸು ಬರುತ್ತದೆ? ಒಂದು ವರ್ಷ ಹತ್ತು ಹನ್ನೆರಡು ಜೊತೆ ಬದಲಾಗಿ ಬಂದವು. ಕುರಿಗಾಹಿಗಳು ನನ್ನ ಮಾಲನ್ನು ಕಾಲಲ್ಲೇ ಇಟ್ಟುಕೊಂಡು, ತಮ್ಮ ಹಳೆಯ ಟಾಯರಿನ ಅಟ್ಟೆಯ ಚಪ್ಪಲಿ ತಂದು ಇಟ್ಟಿದ್ದರು. ನನಗೆ ಸಿಟ್ಟು ಬಂತು.

"ಕಾಕಾ, ಇದು ಮೋಸರಿ. ನನ್ನ ಚಪ್ಪಲಿ ಎಲ್ಲೈತಿ, ಇದೆಲ್ಲೈತಿ?"

ಅವರು ಟಾಯರಿನದೊಂದನ್ನು ಎತ್ತಿ ಮಡಚಿ ನೋಡಿದರು. "ಯಾಕ ಬಡಕೋತಿ? ನಿನ್ನವಕ್ಕಿಂತ ಇವ ಚಲೋ ಅದಾವು."

ಚಲೋ ಇದ್ದದ್ದು ಖರೆ. ಆ ವರ್ಷ ಎಲ್ಲಕ್ಕಿಂತ ಮೊದಲು ಖಾಲಿಯಾದವು ಅವೇ.

ಅವರ ಇನ್ನೊಂದು ಚಾಳಿ, ಮನುಷ್ಯರ ಮುಖ ನೋಡದೆ ಕಾಲು ನೋಡಿ ಮಾತಾಡುವುದು. ಕಾಲಿಗಿಂತ ಮೊದಲು ಚಪ್ಪಲಿಯ ಅಟ್ಟೆ ನೋಡುತ್ತಿದ್ದರು. "ಬಲಗಡೆ ಸವದೈತಿ, ಸೊಂಟ ನೋಯ್ತೈತೇನು?" ಎಂದರೆ ಬಂದವರು ದಂಗು. ನಾನು ಮರುವರ್ಷ ಹೋಗಿ ಎದುರಿಗೆ ನಿಂತರೆ ಗುರುತು ಸಿಗಲಿಲ್ಲ. ತಿರುಗಿ ನಾಲ್ಕು ಹೆಜ್ಜೆ ಹೋಗಿದ್ದೆ, ಹಿಂದಿನಿಂದ ಕೂಗಿದರು:

"ಲೇ, ನೀ ಚಪ್ಪಲಿ ಅಂಗಡ್ಯಾಂವಲ್ಲೇನು? ಹಿಮ್ಮಡ ನೋಡಿದ ಮ್ಯಾಲ ಗೊತ್ತಾತು."

ದೊಡ್ಡವರ ಕಾಲಿಗೂ ಅದೇ ಮರ್ಯಾದೆ. ಒಮ್ಮೆ ಒಬ್ಬ ಪುಢಾರಿ ತನ್ನದೊಂದು ಮೊಳ ಅಗಲದ ಮುಖ ಅಚ್ಚು ಹಾಕಿಸಿದ ಪ್ಲಾಸ್ಟಿಕ್ ಬ್ಯಾನರು ಕಳಿಸಿ, ಗಿಡಕ್ಕೆ ಕಟ್ಟಿಸಬೇಕೆಂದು ಹೇಳಿದ್ದ. ಕಾಕಾ ಅದನ್ನು ಹಿಡಿದು ಅಳೆದು, "ಭಾಳ ಗಟ್ಟಿ ಮಾಲು, ಕುಂಡ್ರಾಕ ಹಾಸ್ರಿ" ಅಂದರು. ಹುಡುಗರು ಹಾಸಿದರು. ಆಮೇಲೆ ನೋಡಿ ತಲೆ ಕೆರೆದುಕೊಂಡು, "ಮುಖ ಕೆಳಗ ಮಾಡ್ರೋ, ಹಿರ್ಯಾರ ಮ್ಯಾಲ ಕುಂಡ್ರೂದು ಚಲೋ ಕಾಣಂಗಿಲ್ಲ" ಅಂದರು. ಮೂರು ವರ್ಷ ಬಾಳಿಕೆ ಬಂತು ಆ ಬ್ಯಾನರು.

ಇಷ್ಟೇ ಆಗಿದ್ದರೆ ನಾನು ಅವರನ್ನು ಒಬ್ಬ ಒಳ್ಳೆಯ ಮನುಷ್ಯ ಎಂದು ಎರಡು ಸಾಲಿನಲ್ಲಿ ಮುಗಿಸುತ್ತಿದ್ದೆ. ಆದರೆ ಅವರ ಮುಖ್ಯ ಕೆಲಸ ಗುಳ್ಳೆಗೆ ಎಣ್ಣೆ ಹಚ್ಚುವುದಾಗಿರಲಿಲ್ಲ. ಜನರನ್ನು ತಡೆದು ವಾಪಸು ಕಳಿಸುವುದಾಗಿತ್ತು.

ಕಂಬಳಿಯ ಅಂಚಿನಿಂದ ಒಂದಿಷ್ಟು ಉಣ್ಣೆ ಕಿತ್ತು, ಹೊಸೆದು, ಬತ್ತಿಯ ಹಾಗೆ ಮಾಡಿಕೊಳ್ಳುತ್ತಿದ್ದರು. ಬಂದವರನ್ನು ಕಣ್ಣು ಮುಚ್ಚಿಸಿ, ಹೆಬ್ಬೆರಳು, ಅಂಗಾಲು, ಹಿಮ್ಮಡಕ್ಕೆ ಉಣ್ಣೆಯ ತುದಿ ತಾಕಿಸಿ, "ಎಲ್ಲಿ ಮುಟ್ಟೀನಿ ಹೇಳು" ಅನ್ನುವುದು. ಹೇಳಿದವರು ಮುಂದೆ ನಡೆಯಬಹುದು. ಹೇಳಲಾಗದವರು ನಡೆಯುವ ಹಾಗಿಲ್ಲ. ಅವರದ್ದು ಸಕ್ಕರೆ ಕಾಯಿಲೆಯ ಕಾಲು. ಮುಳ್ಳು ಹೊಕ್ಕರೂ, ಡಾಂಬರು ಸುಟ್ಟರೂ ಗೊತ್ತಾಗದ ಕಾಲು. ಅಂಥವರನ್ನು ತಾವೇ ರಸ್ತೆಗೆ ಕರೆದುಕೊಂಡು ಹೋಗಿ ಬಸ್ಸು ಹತ್ತಿಸುತ್ತಿದ್ದರು. ಅಳುವವರಿಗೆ ಹೇಳುವ ಮಾತು ಒಂದೇ: "ಬಸ್ಸಿನ್ಯಾಗ ಬಂದವ್ರ ಮುಖಾನೂ ಮಲ್ಲಯ್ಯಗ ಗೊತ್ತೈತಿ, ಹೋಗು."

ಇಳಕಲ್ಲಿನ ಒಬ್ಬ ನೇಕಾರ ಹೆಂಗಸು ಜಗಳವಾಡಿದ್ದನ್ನು ನಾನೇ ನೋಡಿದ್ದೇನೆ. ಮಗ್ಗದ ಸದ್ದಿನ ನಡುವೆ ಕೂತು ಕೂತು ಗಟ್ಟಿಯಾದ ದನಿ ಆಕೆಯದು.

"ನೀ ಯಾರು ನನ್ನ ತಡಿಯಾಕ? ಮಲ್ಲಯ್ಯನ ಪೂಜಾರಿಯೇನು?"

"ಅಲ್ಲವ್ವಾ, ಕುರಿ ಕಾಯಾಂವ. ಕುಂಟ ಕುರಿ ದೂರ ಹೊಡಕೊಂಡು ಹೋಗೂದಿಲ್ಲ ನಾವು."

"ನಾ ಕುರಿಯೇನು?"

"ಕುರಿ ಆಗಿದ್ದಿ ಅಂದ್ರ ಇಷ್ಟೊತ್ತಿಗೆ ನನ್ನ ಮಾತು ಕೇಳ್ತಿದ್ದಿ."

ಕೂತಿದ್ದವರೆಲ್ಲ ನಕ್ಕರು. ಆಕೆ ಬೈಯುತ್ತಲೇ ಬಸ್ಸು ಹತ್ತಿದಳು. ಮುಂದಿನ ವರ್ಷ ಹೋಳಿ ಮರುದಿನ ತಾನಾಗಿ ಬಂದು, ಒಲೆ ಹೂಡಿ ಉಪ್ಪಿನ ನೀರು ಕಾಯಿಸಲು ಕೂತಳು. ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರು ಆಕೆಯ ಕಾಲು ನೋಡಿ, ನಡೆದಿದ್ದರೆ ಬೆರಳು ಹೋಗುತ್ತಿದ್ದವು ಎಂದಿದ್ದರಂತೆ. ಹರಿದ ಎಳೆ ಜೋಡಿಸಿ ಪಳಗಿದ ಕೈ; ಉಣ್ಣೆ ಹಿಡಿಯುವುದನ್ನು ಒಂದೇ ದಿನದಲ್ಲಿ ಕಲಿತಳು. ಅಕ್ಕ ಅಂತ ಕರೆಯುತ್ತೇನೆ. ಈಗ ಅಲ್ಲಿ ಎಲ್ಲ ನೋಡಿಕೊಳ್ಳುವುದು ಆಕೆಯೇ.

ಅದೇ ಗಿಡದ ಕೆಳಗೇ ಯಾಕೆ ಕೂತುಕೊಳ್ಳುತ್ತೀರಿ, ಇಳಕಲ್ಲಿನ ಹತ್ತಿರ ಬಂದರೆ ನೀರು ನೆರಳು ಎಲ್ಲ ಸಿಗುತ್ತದಲ್ಲ ಎಂದು ನಾನೊಮ್ಮೆ ಕೇಳಿದ್ದೆ. ಜಾಗದ ಬಗ್ಗೆ ಸಲಹೆ ಕೊಡುವುದು ನನಗೆ ಚಟ. ಅವರು ಗಿಡದ ಬೇರಿನ ಕಡೆ ಕೈ ತೋರಿಸಿದರು.

"ನಮ್ಮಾಕಿ ಇಲ್ಲೀತನಕ ನಡದಿದ್ಳು."

ಅಂದು ಅವರು ಹೇಳಿದ್ದು ಇಷ್ಟು. ಮಗನಿಗೆ ಕಾಯಿಲೆ ಬಿದ್ದಾಗ ಹೆಂಡತಿ ಮಲ್ಲಯ್ಯನಿಗೆ ನಡೆದು ಬರುತ್ತೇನೆಂದು ಹರಕೆ ಹೊತ್ತಳು. ಮಗ ಉಳಿದ. ಆಕೆ ನಡೆದಳು. ಕಾಲಿಗೆ ಜಾಲಿ ಮುಳ್ಳು ಹೊಕ್ಕದ್ದು ಆಕೆಗೆ ಗೊತ್ತೇ ಆಗಲಿಲ್ಲ. ಈ ಗಿಡದ ಕೆಳಗೆ ದಣಿವಾರಿಸಿಕೊಳ್ಳಲು ಕೂತಾಗ ಬೇರೆ ಯಾರೋ ನೋಡಿ ಹೇಳಿದರು. ದವಾಖಾನೆಯಲ್ಲಿ ಮೊದಲು ಬೆರಳು ತೆಗೆದರು, ಆಮೇಲೆ ಪಾದ. ಆರು ತಿಂಗಳಿಗೆ ಆಕೆ ಹೋದಳು. ಉಣ್ಣೆ ತಾಕಿಸಿ ನೋಡುವ ಕ್ರಮ ಒಬ್ಬ ಡಾಕ್ಟರು ಆಗ ಹೇಳಿಕೊಟ್ಟದ್ದು. ಡಾಕ್ಟರ ಕೈಯಲ್ಲಿ ಇದ್ದದ್ದು ಬೇರೇನೋ, ಇವರು ಉಣ್ಣೆ ಮಾಡಿಕೊಂಡರು.

"ಹರಕಿ ಅರ್ಧ ಆಗೇತಿ. ಈ ಗಿಡದಿಂದ ಮುಂದಿನ ದಾರಿ ನಾ ನಡದು ಮುಗಸಬೇಕು" ಅಂದರು. "ಮುಂದಿನ ವರ್ಸ."

ಅದು ಎಷ್ಟನೆಯ ಮುಂದಿನ ವರ್ಷವೋ. ಹೋಳಿ ಬಂತೆಂದರೆ ಕಾಲು ಸುಲಿದವರ ಸಾಲು ಬರುತ್ತಿತ್ತು, ಇವರು ಎದ್ದು ಹೋಗಲು ಆಗುತ್ತಿರಲಿಲ್ಲ. ಹದಿನೈದು ದಿನ ಶ್ರೀಶೈಲದ ದಾರಿಗೆ ಮುಖ ಮಾಡಿ ಕೂತು, ಆ ದಾರಿಯಲ್ಲಿ ಬೇರೆಯವರನ್ನು ಕಳಿಸಿ, ಯುಗಾದಿಗೆ ಮನೆಗೆ ಹೋಗಿ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡುವುದು. ಬೀರಪ್ಪನಿಗೆ ನಡೆದುಕೊಳ್ಳುವ ಮನೆತನ. ಆ ಪೂಜೆ ತಪ್ಪಿಸಿದವರಲ್ಲ. ಹೆಂಡತಿಯ ಬಾಕಿ ಮಾತ್ರ ಹಾಗೇ ನಿಂತಿತ್ತು.

ಎರಡು ವರ್ಷದ ಹಿಂದೆ, ಸಂಕ್ರಾಂತಿಯ ಹೊತ್ತಿಗೆ, ಅವರು ಮೊದಲ ಬಾರಿಗೆ ನನ್ನ ಅಂಗಡಿಗೆ ಬಂದರು.

"ಈ ವರ್ಸ ಹೊಂಟೀನಿ. ಅಕ್ಕ ಗಿಡ ನೋಡ್ಕೋತಾಳಂತ. ನನಗೊಂದು ಜ್ವಾಡು ಕೊಡು. ಎರಡು ತಿಂಗಳು ಕುರಿ ಹಿಂದ ನಡದು ಪಳಗಿಸಿ ಇಡ್ತೇನಿ."

ನಾನು ಇದ್ದುದರಲ್ಲಿ ಒಳ್ಳೆಯ ಜೊತೆ ತೆಗೆದೆ. ಅವರು ಹಾಕಿಕೊಂಡು ಅಂಗಡಿಯ ಈ ತುದಿಯಿಂದ ಆ ತುದಿಗೆ ಎರಡು ಸಲ ಓಡಾಡಿದರು. ಬಿಚ್ಚಿದಾಗ ಎಡಗಾಲಿನ ಚಪ್ಪಲಿಯಲ್ಲಿ ಒಂದು ಸಣ್ಣ ಮೊಳೆ ಅಟ್ಟೆಯಿಂದ ಮೇಲೆ ಎದ್ದಿರುವುದು ಕಂಡಿತು. ಅಂಗಾಲಿನಲ್ಲಿ ಸಾಸಿವೆಯಷ್ಟು ರಕ್ತ. ಅವರು ನಗುತ್ತಾ "ಚಲೋ ಐತಿ, ಎಲ್ಲೂ ಒತ್ತಂಗಿಲ್ಲ" ಅಂದರು.

ಹನ್ನೆರಡು ವರ್ಷ ಅವರ ಉಣ್ಣೆ ನೋಡಿದ್ದ ನನಗೆ ಅರ್ಥವಾಗದೆ ಇರಲಿಲ್ಲ. ನಾನು ಮೊಳೆ ಬಡಿದು ಕೂಡಿಸಿದೆ. ಚಪ್ಪಲಿ ಕಾಗದದಲ್ಲಿ ಸುತ್ತಿ ಕೊಟ್ಟೆ. ಯಾತ್ರಿಕರ ಚಪ್ಪಲಿಗೆ ಅರ್ಧ ರೇಟು ಕೊಡುತ್ತಿದ್ದವರು ತಮ್ಮದಕ್ಕೆ ಪೂರ್ತಿ ಮುನ್ನೂರ ಐವತ್ತು ಕೊಟ್ಟರು, ಬೇಡವೆಂದರೂ ಕೇಳಲಿಲ್ಲ. ನಾನು ಯಾಕೆ ಹೇಳಲಿಲ್ಲ? ಅಷ್ಟು ವರ್ಷದಲ್ಲಿ ಅವರ ಮುಖ ಅಷ್ಟು ಹಗುರಾಗಿದ್ದುದನ್ನು ನಾನು ನೋಡಿರಲಿಲ್ಲ. ಜೊತೆಗೆ, ಹೇಳುವುದು ನನ್ನ ಕೆಲಸವಲ್ಲ ಎಂಬ ನೇಮವೂ ಇತ್ತಲ್ಲ.

ಹೋಳಿ ಮುಗಿದ ನಾಲ್ಕನೆಯ ದಿನ ಬೆಳಿಗ್ಗೆ ನಾನು ಗಿಡಕ್ಕೆ ಹೋದೆ. ಅವರನ್ನು ಕಳಿಸಲು ಊರಿನ ಹತ್ತಿಪ್ಪತ್ತು ಜನ ಸೇರಿದ್ದರು. ಕಾಕಾ ಬಿಳಿ ಧೋತರ ಉಟ್ಟು, ಹೆಗಲಿಗೆ ಕಂಬಳಿ, ಕೈಯಲ್ಲಿ ಬೆತ್ತ, ಕಾಲಲ್ಲಿ ಎರಡು ತಿಂಗಳು ಪಳಗಿದ ನನ್ನ ಚಪ್ಪಲಿ. ಹಣೆಗೆ ಅರಿಶಿನದ ಭಂಡಾರ. ಅಕ್ಕ ಅವರಿಗೆ ಬುತ್ತಿ ಕಟ್ಟಿಕೊಡುತ್ತಿದ್ದಳು. ಎಲ್ಲರ ಕಾಲನ್ನೂ ನೋಡಿದ್ದರು. ಅವರ ಕಾಲು ನೋಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಹೊಳೆದರೂ ಹೇಳುವ ಧೈರ್ಯ ಯಾರಿಗಿತ್ತು? ಅವರು ಬೇರು ಮುಟ್ಟಿ ನಮಸ್ಕಾರ ಮಾಡಿ, ರಸ್ತೆಗೆ ಕಾಲಿಟ್ಟರು.

"ಕಾಕಾ, ನಿಮ್ಮ ಕಾಲು ಯಾರು ನೋಡ್ಯಾರ್ರಿ?" ಅಂದೆ.

ಗುಂಪಿನಲ್ಲಿ ಯಾರೋ, "ಲೇ, ಅವ್ರ ಕಾಲು ನೋಡೂದೇನೋ? ಮುಹೂರ್ತ ಕೆಡಸಬ್ಯಾಡ" ಎಂದು ಗದರಿದರು. ಕಾಕಾ ಮಾತ್ರ ನಿಂತರು. ಹಿಂದೆ ತಿರುಗಿ ಬಂದು, ಬೇರೆಯವರನ್ನು ಕೂರಿಸುತ್ತಿದ್ದ ಕಲ್ಲಿನ ಮೇಲೆ ತಾವೇ ಕೂತರು. ಚಪ್ಪಲಿ ಬಿಚ್ಚಿದರು.

"ಅಂಗಡ್ಯಾಂವ ಹೇಳೂದು ಬರೋಬ್ಬರಿ ಐತಿ. ನೋಡವ್ವಾ."

ಅಕ್ಕ ಅವರ ಕಂಬಳಿಯಿಂದಲೇ ಉಣ್ಣೆ ಕಿತ್ತು ಹೊಸೆದಳು. "ಕಣ್ಣು ಮುಚ್ರಿ ಕಾಕಾ" ಅಂದಳು. ಮುಚ್ಚಿದರು. ಹೆಬ್ಬೆರಳಿಗೆ ತಾಕಿಸಿದಳು. ಅಂಗಾಲಿಗೆ. ಹಿಮ್ಮಡಕ್ಕೆ. ಇನ್ನೊಂದು ಕಾಲಿಗೆ. ಅವರು ಸುಮ್ಮನಿದ್ದರು. ಆಕೆ ಮತ್ತೆ ಮೊದಲಿನಿಂದ ಶುರು ಮಾಡಿದಳು, ಈ ಸಲ ಒತ್ತಿ. ಅದು ನೇಮಕ್ಕೆ ವಿರುದ್ಧ, ಉಣ್ಣೆಯನ್ನು ಒತ್ತಬಾರದು. ಆದರೂ ಏನೂ ಬರಲಿಲ್ಲ.

"ಶುರು ಮಾಡವ್ವಾ" ಅಂದರು ಕಾಕಾ, ಕಣ್ಣು ಮುಚ್ಚಿಕೊಂಡೇ.

ಅಕ್ಕ ಉಣ್ಣೆಯನ್ನು ಅವರ ಅಂಗೈಯಲ್ಲಿ ಇಟ್ಟಳು. ಅವರು ಕಣ್ಣು ಬಿಟ್ಟು, ಆಕೆಯ ಮುಖ ನೋಡಿದರು. ಅವರು ಒಬ್ಬರ ಮುಖವನ್ನು ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಜನ ಏನೇನೋ ಹೇಳಿದರು. ನಿಧಾನ ನಡೆಯಿರಿ ಅಂದರು ಒಬ್ಬರು. ನಾವು ಜೊತೆಗೆ ಬರುತ್ತೇವೆ, ದಿನಕ್ಕೆ ನಾಲ್ಕು ಸಲ ಕಾಲು ನೋಡುತ್ತೇವೆ ಅಂದರು ಇನ್ನೊಬ್ಬರು. ಅಕ್ಕ, "ಬಸ್ಸಿನ್ಯಾಗ ಹೋಗ್ರಿ ಕಾಕಾ. ನೀವ ಹೇಳ್ತಿದ್ರೆಲ್ಲ" ಅಂದಳು.

"ಬಸ್ಸಿನ್ಯಾಗ ಹೋದ್ರ ನಾ ಹೋದಂಗ ಆಗತೈತಿ. ಆಕಿ ನಡಿಗಿ ಇಲ್ಲೇ ನಿಂತಿರತೈತಿ" ಅಂದರು.

ಅಷ್ಟರಲ್ಲಿ ಸಾಲಿನಲ್ಲಿ ಒಬ್ಬ ಕೂತಿದ್ದ: ಬಾದಾಮಿ ಕಡೆಯ ಉಳ್ಳಾಗಡ್ಡಿ ದಲಾಲಿ, ಹೊಸ ಬೂಟು ಹಾಕಿಕೊಂಡು ಬಂದು ಎರಡೂ ಹಿಮ್ಮಡ ಸುಲಿದುಕೊಂಡಿದ್ದ. ಕಾಕಾ ಎದ್ದು ಹೋಗಿ ಅವನ ಕಾಲನ್ನು ಮೊಣಕಾಲ ನಡುವೆ ಇಕ್ಕಿಕೊಂಡು, ತೊಳೆದು, ಎಣ್ಣೆ ಹಚ್ಚಿ, ಬಟ್ಟೆ ಸುತ್ತಿದರು. ಅಂಗಾಲನ್ನು ತಮ್ಮ ಗೇಣಿನಿಂದ ಅಳೆದರು. ಆಮೇಲೆ ತಮ್ಮ ಚಪ್ಪಲಿ ತಂದು ಅವನ ಮುಂದೆ ಇಟ್ಟರು.

"ಇವು ಪಳಗ್ಯಾವು. ಹಾಕ್ಕೊಂಡು ನಡಿ. ನಡುವ ಗಾಡಿ ಹತ್ತಬ್ಯಾಡ."

ಅವನಿಗೆ ಹಿಂದಿನದು ಏನೂ ಗೊತ್ತಿಲ್ಲ. ಹಾಕಿಕೊಂಡು, ನಾಲ್ಕು ಹೆಜ್ಜೆ ಇಟ್ಟು ನೋಡಿ, "ಭಾಳ ಚಲೋ ಅದಾವ್ರಿ" ಎಂದು ಹೊರಟುಹೋದ. ಕಾಕಾ ಧೋತರ ಎತ್ತಿ ಕಟ್ಟಿ ಸಾಲಿನಲ್ಲಿದ್ದ ಮುಂದಿನವರನ್ನು ಕರೆದರು.

ಯುಗಾದಿ ಮುಗಿದು ಎಂಟು ದಿನಕ್ಕೆ ನಾನು ಬಸ್ಸು ಹತ್ತಿ ಆ ದಲಾಲಿಯ ಊರಿಗೆ ಹೋದೆ. ಊರಿನ ಹೆಸರು ಅಕ್ಕ ಕೇಳಿ ಇಟ್ಟುಕೊಂಡಿದ್ದಳು. ಶಿವಯೋಗ ಮಂದಿರದಿಂದ ಒಳಗೆ, ಮಲಪ್ರಭೆಯ ದಂಡೆ. ಚಪ್ಪಲಿ ಅವನ ಹಿತ್ತಲ ಬಾಗಿಲಲ್ಲಿ ಬಿದ್ದಿತ್ತು. ನಾನು ಏನೂ ಬೇಡವಾದವನ ಹಾಗೆ ಕೇಳಿದೆ:

"ಅವ ಹಳೇ ಚಪ್ಪಲಿ ಕೊಡ್ತೀರೇನ್ರಿ? ಒಂದೈವತ್ತು ಕೊಡ್ತೇನಿ."

ಅವನು ನನ್ನನ್ನು ನೋಡಿದ. ನನ್ನ ಅಂಗಿಯ ಕಿಸೆಯಲ್ಲಿ ಬಸ್ಸಿನ ತಿಕೀಟು ಇಣುಕುತ್ತಿತ್ತು, ಅದನ್ನೂ ನೋಡಿದ.

"ಎಲ್ಲಿಂದ ಬಂದ್ರಿ?"

"ಇಳಕಲ್ಲಿಂದ."

"ಇಳಕಲ್ಲಿನ್ಯಾಗ ಚಪ್ಪಲಿ ಸಿಗಂಗಿಲ್ಲೇನ್ರಿ?" ಎಂದು ನಕ್ಕ. "ಐವತ್ತು ರೂಪಾಯಿ ಮಾಲಿಗೆ ಇಷ್ಟು ದೂರ ಬರಾಂವ ಎರಡು ಸಾವ್ರಾನೂ ಕೊಡ್ತಾನ. ಮಲ್ಲಯ್ಯನ ಮೆಟ್ಟಲಾ ಮುಟ್ಟಿ ಬಂದ ಚಪ್ಪಲಿ ಅದಾವ್ರಿ ಇವು."

ಒಂದು ತಾಸು ಜಗ್ಗಾಡಿ ಹದಿನೈದು ನೂರಕ್ಕೆ ಇಳಿಸಿದೆ. ದುಡ್ಡು ಫೋನಿನಲ್ಲೇ ಹಾಕಿದೆ. ಅವನು ಒಳ್ಳೆಯ ದಲಾಲಿ. ನನಗೆ ಅವನ ಮೇಲೆ ಸಿಟ್ಟಿಲ್ಲ. ಬರುವ ದಾರಿಯಲ್ಲಿ ಒಂದೇ ಅನುಮಾನ ಕಾಡಿತು. ಈ ಮನುಷ್ಯ ನಿಜವಾಗಿ ನಡೆದನೋ, ನಡುವೆ ಲಾರಿ ಹತ್ತಿದನೋ? ಹತ್ತಿದ್ದರೆ ಕಾಕಾನ ಹೆಂಡತಿಯ ಅರ್ಧ ಹರಕೆ ಗಿಡದ ಕೆಳಗೇ ನಿಂತಿತು, ನಾನು ಕೊಂಡದ್ದು ಬರೀ ಚಪ್ಪಲಿ.

ಕಾಕಾ ಊರ ಹೊರಗೆ ಕುರಿ ಹಟ್ಟಿಯಲ್ಲಿದ್ದರು. ಚಪ್ಪಲಿ ಮುಂದೆ ಇಟ್ಟೆ. ಎತ್ತಿಕೊಂಡು ಅಟ್ಟೆ ತಿರುಗಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಸೊಂಟದ ಚೀಲದಿಂದ ಮುಳ್ಳು ತೆಗೆಯುವ ಸೂಜಿ ತೆಗೆದು, ಅಟ್ಟೆಯ ಗೆರೆಗಳಿಂದ ಒಂದೊಂದೇ ಹರಳು ಬಿಡಿಸಿ ಅಂಗೈಯಲ್ಲಿ ಹಾಕಿಕೊಂಡರು.

"ಇದು ನಮ್ಮ ಎರಿ. ಇದು ಯಾವ್ದೋ ಹೊಳಿ ಉಸುಕು. ಇದು ನೋಡು, ಈ ಕಲ್ಲು ನಮ್ಮ ಸೀಮಿ ಒಳಗ ಎಲ್ಲೂ ಇಲ್ಲ. ಕಾಡಿನ್ಯಾಗಿಂದು." ಮತ್ತೆ ಅಟ್ಟೆ ನೋಡಿದರು. "ನಡದಾನ. ಎಡಗಾಲು ಎಳದಾನ, ಆದ್ರೂ ನಡದಾನ."

ಹರಳುಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಎದ್ದು ನಡೆದರು. ನಾನು ಹಿಂದೆ ಹೋದೆ. ಗಿಡದವರೆಗೆ ಬಂದು, ಅವರ ಹೆಂಡತಿ ಕೂತಿದ್ದ ಬೇರಿನ ಹತ್ತಿರ ಮುಷ್ಟಿ ಬಿಚ್ಚಿದರು. ಕೈ ಝಾಡಿಸಿಕೊಂಡರು. ಮೊಳೆಯ ಸಂಗತಿ ಹೇಳಬೇಕೆಂದು ಬಾಯಿ ತೆರೆದೆ. ಅವರು ಚಪ್ಪಲಿಯನ್ನು ನನ್ನ ಕೈಗೆ ಕೊಟ್ಟುಬಿಟ್ಟರು.

"ಇನ್ನೂ ಎರಡು ಸಲ ಬರ್ತಾವು. ಒಂದು ಅಟ್ಟಿ ಹಾಕಿಸಿ ಇಡು. ಬರೂ ವರ್ಸ ಯಾರಿಗರ ಆಕ್ಕಾವು."

ಹದಿನೈದು ನೂರರ ಮಾಲು! ಅಟ್ಟೆ ಹಾಕಿಸಲು ಇನ್ನೂ ಎಂಬತ್ತು ಹೋಯಿತು. ಮರುವರ್ಷ ಅದು ಒಬ್ಬ ಟೇಲರನ ಕಾಲಲ್ಲಿ ಹೋಗಿ ಬಂತು. ಈ ವರ್ಷ ಬಾಗಲಕೋಟೆಯ ಒಬ್ಬ ಸಾಲಿ ಮಾಸ್ತರರ ಕಾಲಲ್ಲಿ ಹೋಯಿತು. ಅವರು ವಾಪಸು ತಂದು ಕೊಟ್ಟಿದ್ದಾರೆ. ಕೇಳದೆಯೇ ತಂದು ಕೊಟ್ಟರು, ಬಿಟ್ಟಿ.

ಕಾಕಾ ಹೋದದ್ದು ಕಾಲಿನಿಂದಲ್ಲ, ನಾಲ್ಕು ದಿನದ ಜ್ವರದಿಂದ. ಮಣ್ಣು ಮಾಡುವ ಹೊತ್ತಿನಲ್ಲಿ ಎಲ್ಲರೂ ಮುಖ ನೋಡುತ್ತಿದ್ದರು. ನಾನು ಕಾಲು ನೋಡಿದೆ. ಹತ್ತೂ ಬೆರಳು ಇದ್ದವು. ಆ ಬೆಳಿಗ್ಗೆ ನಡೆದು ಹೋಗಿದ್ದರೆ ಇರುತ್ತಿರಲಿಲ್ಲ.

ಈಗ ನಿಮಗೆ ಹೇಳುವುದು ಇಷ್ಟು. ಶ್ರೀಶೈಲಕ್ಕೆ ನಡೆಯುವವರಿದ್ದರೆ ಚಪ್ಪಲಿಯನ್ನು ಸಂಕ್ರಾಂತಿಗೆ ಕೊಳ್ಳಿ, ಹೋಳಿಗೆ ಅಲ್ಲ. ಬೆಳಿಗ್ಗೆ ಕೊಳ್ಳಬೇಡಿ, ಸಂಜೆ ಕೊಳ್ಳಿ. ದಿನವೆಲ್ಲ ಓಡಾಡಿದ ಕಾಲು ತನ್ನ ಖರೆ ಅಳತೆ ಹೇಳುತ್ತದೆ. ಹಾಕಿ ನೋಡಿದ ಮೇಲೆ ಒಳಗೆ ಬೆರಳು ಆಡಿಸಿ, ಮೊಳೆ ಎದ್ದಿದೆಯೇ ನೋಡಿ. ಅಂಗಡಿಯವನು ಹೇಳುತ್ತಾನೆಂದು ನಂಬಬೇಡಿ. ಎರಡು ತಿಂಗಳು ಹೊಲ, ಕಲ್ಲು, ಉಸುಕಿನಲ್ಲಿ ತಿರುಗಾಡಿ. ಹೊರಡುವ ದಿನ ಒಂದು ಉಣ್ಣೆಯ ಎಳೆ ತೆಗೆದುಕೊಂಡು, ಕಣ್ಣು ಮುಚ್ಚಿ, ಕಾಲು ಬೇರೆಯವರ ಕೈಗೆ ಕೊಡಿ. ನಿಮ್ಮ ಮೇಲೆ ಪ್ರೀತಿ ಇರುವವರ ಕೈಗೆ ಬೇಡ, ಅವರು ಒತ್ತುತ್ತಾರೆ. ಚಪ್ಪಲಿಯ ರೇಟಿಗೆ ನನ್ನ ಜೊತೆ ಎಷ್ಟು ಬೇಕಾದರೂ ಚೌಕಾಸಿ ಮಾಡಿ, ಅದು ನಿಮ್ಮ ಹಕ್ಕು. ಉಣ್ಣೆಯ ಜೊತೆ ಮಾಡಬೇಡಿ. ಮುಟ್ಟಿದ್ದು ಗೊತ್ತಾಗಲಿಲ್ಲವೆಂದರೆ ಚಪ್ಪಲಿ ಬಿಚ್ಚಿ, ಸರಿಹೋಗುವ ಕಾಲಿನವರಿಗೆ ಕೊಟ್ಟು, ಬಸ್ಸು ಹತ್ತಿ. ಕೊಡುವಾಗ ಅವರ ಊರು ಯಾವುದೆಂದು ಕೇಳಿಟ್ಟುಕೊಳ್ಳಿ. ತರಲು ಹೋಗಬೇಕಾಗಿ ಬಂದರೆ ತಿಕೀಟು ಒಳಗಿನ ಕಿಸೆಯಲ್ಲಿರಲಿ.